ಟೈರ್ ಅಂಗಡಿಗಳಲ್ಲಿ ಬೆಲೆ ಒಂದೇ ಇದ್ದಾಗ ಸರ್ವಿಸ್ ನೋಡಿ ಆರಿಸುವುದು ಹೇಗೆ?

ಚಿಕ್ಕಮಗಳೂರಿನಲ್ಲಿ ಸ್ವಿಫ್ಟ್‌ಗೆ ಟೈರ್ ಹಾಕಿಸಬೇಕು, ಕಂಪನಿ ಶೋರೂಮ್, ಎಲ್ಲ ಬ್ರಾಂಡ್ ಇಡುವ ಅಂಗಡಿ, ಆನ್‌ಲೈನ್ ಮೂರರಲ್ಲೂ ಬೆಲೆ ಹೆಚ್ಚುಕಮ್ಮಿ ಒಂದೇ, ಹಾಸನಕ್ಕೆ ಹೋದರೆ ಸರ್ವಿಸ್ ಇನ್ನೂ ಚೆನ್ನಾಗಿರುತ್ತಾ ಅಂತ ಕೇಳಿದ್ದೀರಿ.

ಹಾಸನದ ಬಿ.ಎಂ. ರಸ್ತೆಯೋ ಚಿಕ್ಕಮಗಳೂರಿನ ಕೆ.ಎಂ. ರಸ್ತೆಯೋ ಅನ್ನೋದು ಮುಖ್ಯವಲ್ಲ. ಎಸಿ ಕೋಣೆ, ಸೋಫಾ, ಫಿಲ್ಟರ್ ಕಾಫಿ ಕಾಯುವವರಿಗೆ ಹಿತ, ಟೈರಿಗೆ ಅದರಿಂದ ಏನೂ ಆಗಲ್ಲ. ನಾನು ಸರ್ವಿಸ್ ಅಂತ ಲೆಕ್ಕ ಹಾಕೋದು ಎರಡನ್ನೇ: ಹಳೆ ಟೈರ್ ಕಳಚಿದ ಮೇಲಿನ ಒಂದು ಗಂಟೆಯ ಕೆಲಸ, ಮತ್ತೆ ಕೆಲವು ತಿಂಗಳ ನಂತರ ತಕರಾರು ಬಂದಾಗ ಅವರು ನಡೆದುಕೊಳ್ಳುವ ರೀತಿ. ಮೊದಲನೆಯದನ್ನು ಪಕ್ಕದಲ್ಲಿ ನಿಂತು ಕಣ್ಣಾರೆ ನೋಡಬಹುದು. ಕೆಲಸದ ಜಾಗಕ್ಕೆ ಗಿರಾಕಿ ಬರಲೇಬಾರದು ಅನ್ನುವ ಅಂಗಡಿಯನ್ನು ಅಲ್ಲಿಗೇ ಬಿಡಿ.

ಒಳ್ಳೆಯ ಅಂಗಡಿಯವನು ರೇಟ್ ಹೇಳುವ ಮೊದಲು ಹಳೆ ಟೈರಿನ ಮೇಲೆ ಕೈಯಾಡಿಸುತ್ತಾನೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಮ್ಮಿ ಇಟ್ಟು ಓಡಿಸಿದ್ದೀರಿ, ನಡುವೆ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ಕೈ ಒಂದು ಕಡೆಗೆ ನುಣ್ಣಗೆ ಜಾರಿ, ಇನ್ನೊಂದು ಕಡೆಗೆ ಗರಗಸದ ಹಾಗೆ ಸಿಕ್ಕಿಕೊಂಡರೆ ಟೋ, ಅಂದರೆ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಕೆಟ್ಟಿದೆ. ಅಲ್ಲಲ್ಲಿ ಗುಂಡಿ ಬಿದ್ದಂತಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ಬ್ಯಾಲೆನ್ಸಿಂಗ್ (ಚಕ್ರದ ಸುತ್ತ ತೂಕ ಸಮ ಮಾಡೋದು) ಅನುಮಾನಿಸಬೇಕು. ಇದನ್ನು ನೋಡದೆ ಹೊಸ ಟೈರ್ ಮಾರಿದವನು ಅದೇ ಕಾಯಿಲೆಯನ್ನು ಹೊಸ ಟೈರಿಗೂ ಅಂಟಿಸಿ ಕಳಿಸುತ್ತಾನೆ.

ಆಮೇಲೆ ತಾರೀಖು. ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಮೈ, ಅದರ ಮೇಲಿನ ಡಾಟ್ (DOT) ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ: 1425 ಅಂದರೆ 2025ರ 14ನೇ ವಾರದ ಮಾಲು. ಈ ಅಂಕಿ ಟೈರಿನ ಒಂದೇ ಬದಿಯಲ್ಲಿ ಇರಬಹುದು, ಹಾಗಾಗಿ ಫಿಟ್ ಮಾಡುವ ಮೊದಲೇ ನಾಲ್ಕನ್ನೂ ನೋಡಿಬಿಡಿ. ನೆರಳಲ್ಲಿ ಸರಿಯಾಗಿ ಇಟ್ಟ ಟೈರ್ ಆರೆಂಟು ತಿಂಗಳು ಹಳೆಯದಾದರೆ ಏನೂ ಆಗಲ್ಲ. ಎರಡು ವರ್ಷ ಹಳೆಯದನ್ನು ಹೊಸದರ ರೇಟಿಗೆ ಕೊಡುವುದು ಮಾತ್ರ ತಪ್ಪು. ಅಳತೆಯ ಜೊತೆ ಲೋಡ್ ಇಂಡೆಕ್ಸ್, ಅಂದರೆ ಟೈರ್ ಎಷ್ಟು ಭಾರ ಹೊರಬಲ್ಲದು ಅನ್ನುವ ಅಂಕಿ, ಕೂಡ ಹೊಂದಬೇಕು. 185/65 ಆರ್15 ಟೈರಿನ ಮೇಲೆ 88 ಅಂತಿದ್ದರೆ ಒಂದು ಟೈರ್ 560 ಕೆಜಿ ಹೊರುತ್ತದೆ. ‘ಸ್ಟಾಕ್ ಇಲ್ಲ, ಇದೂ ನಡೆಯುತ್ತೆ’ ಅಂತ ಕಮ್ಮಿ ಅಂಕಿಯದನ್ನು ಕೊಟ್ಟರೆ ಬೇಡ ಅನ್ನಿ. ಕಾಫಿ ಮೂಟೆ ಹೊರುವ ಪಿಕಪ್ ಇರುವವರಿಗೆ ಇದು ಇನ್ನೂ ಮುಖ್ಯ: 215/75 ಆರ್15ರಲ್ಲಿ ಪ್ಯಾಸೆಂಜರ್ ಗಾಡಿಯ ಟೈರೂ ಬರುತ್ತದೆ, ಹೆಚ್ಚು ಭಾರ ಹೊರುವ 8 ಪ್ಲೈ ರೇಟಿಂಗಿನದೂ ಬರುತ್ತದೆ. ಮೊದಲನೆಯದನ್ನು ಪಿಕಪ್‌ಗೆ ಹಾಕಿ ಲೋಡ್ ತುಂಬಿದರೆ ಬಿಸಿಯಾಗಿ ಸೈಡ್‌ವಾಲೇ ಹೋಗುತ್ತದೆ.

ಫಿಟ್ಟಿಂಗಿನಲ್ಲಿ ನೋಡಬೇಕಾದ್ದು ಕೆಲವೇ. ರಿಮ್ಮಿನ ಅಂಚನ್ನು ತಂತಿ ಬ್ರಷ್‌ನಿಂದ ಉಜ್ಜಬೇಕು, ಇಲ್ಲದಿದ್ದರೆ ತುಕ್ಕಿನ ಸಂದಿಯಿಂದ ಗಾಳಿ ಮೆಲ್ಲಗೆ ಸೋರುತ್ತದೆ. ಬೀಡ್‌ಗೆ, ಅಂದರೆ ರಿಮ್ಮಿಗೆ ಕೂರುವ ಟೈರಿನ ಅಂಚಿಗೆ, ಹಚ್ಚೋದು ಟೈರ್ ಪೇಸ್ಟ್, ಗ್ರೀಸ್ ಅಲ್ಲ. ರಬ್ಬರ್ ವಾಲ್ವ್ ಹೊಸದು ಹಾಕಬೇಕು. ಅದನ್ನು ಉಳಿಸಿದರೆ ಮುಂದೊಂದು ದಿನ ಅದರ ಬುಡ ಬಿರಿದು ಗಾಳಿ ಹೋಗುತ್ತದೆ. ಸೈಡ್‌ವಾಲ್ ಮೇಲೆ ಹಳದಿ ಚುಕ್ಕಿ ಇದ್ದರೆ ಅದು ಟೈರಿನ ಹಗುರ ಭಾಗ, ಸಾಮಾನ್ಯವಾಗಿ ಅದನ್ನು ವಾಲ್ವ್ ಪಕ್ಕಕ್ಕೇ ಬರುವಂತೆ ಕೂರಿಸುತ್ತಾರೆ. ಬ್ಯಾಲೆನ್ಸಿಂಗ್ ಮಷಿನ್ನಿನಲ್ಲಿ ತೂಕ ಹೊಡೆದ ಮೇಲೆ ಇನ್ನೊಮ್ಮೆ ತಿರುಗಿಸಿ ಎರಡೂ ಕಡೆ ಸೊನ್ನೆ ತೋರಿಸಬೇಕು. ಒಂದೇ ಚಕ್ರಕ್ಕೆ 60–70 ಗ್ರಾಂ ಬೇಕಾದರೆ ಅವಸರಪಡುವ ಹುಡುಗ ತೂಕ ಅಂಟಿಸುತ್ತಲೇ ಹೋಗುತ್ತಾನೆ. ಕೆಲಸ ಬಲ್ಲವನು ಟೈರನ್ನು ರಿಮ್ ಮೇಲೆ ಅರ್ಧ ಸುತ್ತು ತಿರುಗಿಸಿ ಕೂರಿಸಿ ಮತ್ತೆ ನೋಡುತ್ತಾನೆ, ಅಥವಾ ರಿಮ್ಮೇ ಬೆಂಡ್ ಆಗಿದೆ ಅಂತ ಹೇಳುತ್ತಾನೆ.

ನಟ್ಟಿನ ವಿಷಯದಲ್ಲಿ ಅಂಗಡಿ ಅಂಗಡಿಗೂ ಅಜಗಜಾಂತರ. ಗಾಳಿ ಗನ್ ಹಿಡಿದು ‘ಟರ್ರ್’ ಅನ್ನಿಸಿ ಕಳಿಸೋದು ಒಂದು ರೀತಿ. ಮೊದಲು ಕೈಯಲ್ಲೇ ನಟ್ ಹತ್ತಿಸಿ, ಒಂದಾದ ಮೇಲೆ ಎದುರಿನದನ್ನು ಬಿಗಿದು, ಗಾಡಿ ನೆಲಕ್ಕಿಳಿಸಿ ಟಾರ್ಕ್ ರೆಂಚಿನಲ್ಲಿ ಮುಗಿಸೋದು ಇನ್ನೊಂದು ರೀತಿ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್. ನಿಮ್ಮ ಗಾಡಿಯ ಅಂಕಿ ಓನರ್ಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಗನ್ ಮಿತಿಮೀರಿದರೆ ನಟ್ ಕೂರುವ ಸ್ಟಡ್ ಎಳೆದುಕೊಳ್ಳುತ್ತದೆ, ಸಮವಿಲ್ಲದ ಬಿಗಿತಕ್ಕೆ ಬ್ರೇಕ್ ಡಿಸ್ಕ್ ಸೊಟ್ಟಗಾಗಿ ಬ್ರೇಕ್ ಒತ್ತಿದಾಗ ಪೆಡಲ್ ನಡುಗುತ್ತದೆ. ಅದಕ್ಕಿಂತ ದೊಡ್ಡ ಫಜೀತಿ, ಚಾರ್ಮಾಡಿಯ ತಿರುವಿನಲ್ಲಿ ಮಳೆ ಹೊಡೆಯುವಾಗ ಸ್ಟೆಪ್ನಿ ಹಾಕಲು ಹೋದರೆ ಗಾಡಿ ಜೊತೆ ಬಂದ ಸ್ಪ್ಯಾನರಿನಲ್ಲಿ ಆ ನಟ್ ಅಲುಗಾಡಲ್ಲ. 50ರಿಂದ 100 ಕಿ.ಮೀ. ಓಡಿದ ಮೇಲೆ ನಟ್ ಮರುಪರೀಕ್ಷೆ ಬೇಕು. ಹಾಸನದಲ್ಲಿ ಹಾಕಿಸಿದರೆ ನಿಮ್ಮ ಮನೆ ಮುಟ್ಟುವಷ್ಟರಲ್ಲೇ ಸುಮಾರು 60 ಕಿ.ಮೀ. ಆಗಿರುತ್ತದೆ, ಅದಕ್ಕೆಂದು ವಾಪಸ್ ಯಾರೂ ಹೋಗಲ್ಲ. ಊರಿನ ಅಂಗಡಿಯ ಪರವಾಗಿ ನನಗೆ ಕಾಣುವ ಬಲವಾದ ಕಾರಣ ಇದೇ.

ಇನ್ನು ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಸರಿಮಾಡೋದು. ದುಡ್ಡು ಹೆಚ್ಚು ಸೋರೋದು ಇಲ್ಲೇ. ಎಸ್ಟೇಟ್ ರಸ್ತೆಯಲ್ಲಿ ಓಡುವ ಗಾಡಿಗಳಲ್ಲಿ ಚಕ್ರವನ್ನು ಹಿಡಿದಿಡುವ ಭಾಗಗಳಾದ ಟೈ ರಾಡ್ ಎಂಡ್, ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್ ಬೇಗ ಸಡಿಲವಾಗುತ್ತವೆ. ಅವು ಆಡುತ್ತಿರುವಾಗ ಅಲೈನ್‌ಮೆಂಟ್ ಮಾಡಿದರೆ ಪರದೆ ಮೇಲೆ ಹಸಿರು ಬರುತ್ತದೆ, ಮೂಡಿಗೆರೆ ಮುಟ್ಟುವುದರೊಳಗೆ ಮತ್ತೆ ಕೆಟ್ಟಿರುತ್ತದೆ. ಹಾಗಾಗಿ ಒಳ್ಳೆಯ ಅಂಗಡಿಯಲ್ಲಿ ಮೊದಲು ಚಕ್ರ ಎತ್ತಿ ಅಲ್ಲಾಡಿಸಿ ನೋಡುತ್ತಾರೆ, ಗಾಳಿ ಸರಿ ಮಾಡುತ್ತಾರೆ, ಸ್ಟೀರಿಂಗ್ ನೇರ ಮಾಡಿ ಲಾಕ್ ಹಾಕುತ್ತಾರೆ, ಆಮೇಲೆ ಸೆನ್ಸರ್. ಸಡಿಲ ಇದೆ, ಬದಲಿಸಿ ಬನ್ನಿ ಅಂತ ಕೆಲಸ ಮಾಡದೆ ವಾಪಸ್ ಕಳಿಸುವ ಅಂಗಡಿ ಸಿಕ್ಕರೆ ಬಿಡಬೇಡಿ. ಕೆಲಸದ ಮುಂಚಿನ ಮತ್ತು ನಂತರದ ಅಂಕಿ ಎರಡೂ ಇರುವ ಪ್ರಿಂಟ್ ಕೇಳಿ. ಬರೀ ನಂತರದ್ದನ್ನು ಕೊಟ್ಟರೆ ಏನು ಬದಲಾಯಿತು ಅಂತಲೇ ಗೊತ್ತಾಗಲ್ಲ.

ಬಹಳಷ್ಟು ಸಣ್ಣ ಕಾರುಗಳಲ್ಲಿ ಅಲೈನ್‌ಮೆಂಟಿನಲ್ಲಿ ತಿರುಗಿಸಿ ಸರಿಮಾಡಲು ಇರುವುದು ಮುಂಚಕ್ರದ ಟೋ ಒಂದೇ. ಕ್ಯಾಂಬರ್ ಅಂದರೆ ಚಕ್ರದ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲಿರುವ ಕೋನ. ‘ಕ್ಯಾಂಬರ್ ಔಟ್ ಇದೆ, ಎಕ್ಸ್‌ಟ್ರಾ ಆಗುತ್ತೆ’ ಅಂದರೆ ಹೇಗೆ ಸರಿ ಮಾಡ್ತೀರಿ ಅಂತ ಕೇಳಿ. ಹಲವು ಕಡೆ ಹೈಡ್ರಾಲಿಕ್ ಜ್ಯಾಕ್ ಕೊಟ್ಟು ಸ್ಟ್ರಟ್ (ಶಾಕ್ ಅಬ್ಸಾರ್ಬರ್ ಇರುವ ಕಂಬ) ಬಗ್ಗಿಸುತ್ತಾರೆ. ಕ್ಯಾಂಬರ್ ತಾನಾಗಿ ಕೆಡಲ್ಲ. ಗುಂಡಿಗೆ ಬಿದ್ದು ಯಾವುದೋ ಭಾಗ ಬಗ್ಗಿರಬೇಕು, ಇಲ್ಲವೇ ಬುಷ್ ಹೋಗಿರಬೇಕು. ಆ ಭಾಗ ಹುಡುಕದೆ ಸರಿಯಿರುವ ಸ್ಟ್ರಟ್ ಬಗ್ಗಿಸುವವರಿಂದ ದೂರ ಇರಿ.

ನೈಟ್ರೋಜನ್ ಬಗ್ಗೆ ಒಂದೇ ಮಾತು: ಮಾಮೂಲಿ ಗಾಳಿಯಲ್ಲೇ 78 ಭಾಗ ಅದಿದೆ. ಬಿಟ್ಟಿ ಕೊಟ್ಟರೆ ಹಾಕಿಸಿಕೊಳ್ಳಿ. ಯಾವ ಗಾಳಿಯಾದರೂ ಒತ್ತಡ ಎಷ್ಟಿರಬೇಕು ಅಂತ ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ಹೇಳುತ್ತದೆ, ಅದೂ ಟೈರ್ ತಣ್ಣಗಿರುವಾಗ. ಬಂದ ಗಾಡಿಗೆಲ್ಲ 35 ಪಿಎಸ್‌ಐ ಗಾಳಿ ಹೊಡೆಯುವ ಹುಡುಗನಿಗೆ ಆ ಸ್ಟಿಕ್ಕರ್ ತೋರಿಸಿ.

ದುಡ್ಡು ಸಾಲದೆ ಎರಡೇ ಟೈರ್ ಹಾಕಿಸುವುದಾದರೆ ಹೊಸವು ಹಿಂದಕ್ಕೆ ಹೋಗಬೇಕು, ಗಾಡಿ ಎಳೆಯುವುದು ಮುಂಚಕ್ರವಾದರೂ. ಒದ್ದೆ ರಸ್ತೆಯಲ್ಲಿ ಮುಂದಿನದು ಜಾರಿದರೆ ವೇಗ ಇಳಿಸಿ ಸಂಭಾಳಿಸಬಹುದು, ಹಿಂಭಾಗ ಜಾರಿದರೆ ಗಾಡಿ ತಿರುಗಿಬಿಡುತ್ತದೆ. ಶಿರಾಡಿ, ಚಾರ್ಮಾಡಿ ಇಳಿಯುವವರಿಗೆ ಇದು ಪುಸ್ತಕದ ಬದನೆಕಾಯಿ ಅಲ್ಲ. ಕೇಳದೆಯೇ ಇದನ್ನು ವಿವರಿಸುವ ಅಂಗಡಿಯವರು ಕಮ್ಮಿ. ಮುಂದಕ್ಕೆ ಹಾಕಿ ಕಳಿಸುವವರೇ ಜಾಸ್ತಿ. ಟೈರಿನ ಮೇಲಿನ ಗೀರುಗಳು ಸವೆದು ಉಳಿಯಬೇಕಾದ ಆಳದ ಕಾನೂನು ಮಿತಿ 1.6 ಮಿ.ಮೀ., ಮಲೆನಾಡಿನ ಮಳೆಗಾಲಕ್ಕೆ ನಾನು 3 ಮಿ.ಮೀ.ಗೇ ಬದಲಿಸಿ ಅನ್ನುತ್ತೇನೆ.

ವಾರಂಟಿಯಲ್ಲಿ ಮೂರು ಬಗೆಯ ಅಂಗಡಿಗಳ ನಿಜವಾದ ವ್ಯತ್ಯಾಸ ಕಾಣುತ್ತದೆ. ತೀರ್ಮಾನ ಮಾಡೋದು ಟೈರ್ ಕಂಪನಿ, ಅಂಗಡಿಯಲ್ಲ. ತಯಾರಿಕೆಯ ದೋಷ ಅಂತ ಒಪ್ಪಿದರೂ ಸಾಮಾನ್ಯವಾಗಿ ಪೂರ್ತಿ ಬಿಟ್ಟಿ ಸಿಗಲ್ಲ. ಟೈರಿನಲ್ಲಿ ಉಳಿದ ಗೀರುಗಳ ಆಳ ಅಳೆದು, ಸವೆದ ಪಾಲಿನ ಹಣ ನಿಮ್ಮಿಂದ ತೆಗೆದುಕೊಂಡು ಹೊಸದು ಕೊಡುತ್ತಾರೆ. ಕಲ್ಲಿಗೆ ಬಡಿದ ಉಬ್ಬು, ಸೈಡ್‌ವಾಲ್ ಕಟ್ ಮಾಮೂಲಿ ವಾರಂಟಿಯಲ್ಲಿ ಬರಲ್ಲ. ಕೆಲವು ಮಾದರಿಗಳಿಗೆ ಅದಕ್ಕೂ ಬೇರೆ ಯೋಜನೆ ಇರುತ್ತದೆ, ಆದರೆ ನೋಂದಣಿ ಮಾಡಿಸಿರಬೇಕು. ಅಂಗಡಿಯ ಕೆಲಸ ಅಂದರೆ ಬಿಲ್ಲಿನಲ್ಲಿ ನಾಲ್ಕೂ ಟೈರಿನ ಸೀರಿಯಲ್ ನಂಬರ್, ಕಿ.ಮೀ. ರೀಡಿಂಗ್ ಬರೆಯೋದು, ಕ್ಲೇಮ್ ಹಾಕಿ ಅದರ ನಂಬರ್ ನಿಮ್ಮ ಕೈಗೆ ಕೊಡೋದು. ಒಂದೇ ಬ್ರಾಂಡಿನ ಶೋರೂಮಿಗೆ ಕಂಪನಿ ಜೊತೆ ನೇರ ಕೊಂಡಿ, ಕ್ಲೇಮ್ ಸುಲಭ. ಆದರೆ ನಿಮಗೆ ಬೇರೆ ಬ್ರಾಂಡ್ ಸೂಕ್ತ ಅಂತ ಅಲ್ಲಿ ಯಾರೂ ಹೇಳಲ್ಲ. ಎಲ್ಲ ಬ್ರಾಂಡಿನವನು ಅದನ್ನು ಹೇಳಬಲ್ಲ, ಕ್ಲೇಮ್ ಮಾತ್ರ ಅವನ ಮನಸ್ಸಿನ ಮೇಲೆ. ಆನ್‌ಲೈನ್‌ನಲ್ಲಿ ಕೊಂಡರೆ ಫಿಟ್ ಮಾಡಿದವನು ‘ಮಾರಿದವರನ್ನು ಕೇಳಿ’ ಅಂತಾನೆ, ಮಾರಿದವರು ‘ಫಿಟ್ ಮಾಡಿದವರನ್ನು ಕೇಳಿ’ ಅಂತಾರೆ. ಅಲ್ಲದೆ ಹೊರಗಿಂದ ತಂದ ಟೈರ್ ಅಂದಕೂಡಲೇ ಫಿಟ್ಟಿಂಗ್ ಚಾರ್ಜ್ ಏರುವುದೂ ಉಂಟು.

ಬಿಲ್ ಬೇಡ ಅಂದರೆ ಇಷ್ಟು ಬಿಡ್ತೀನಿ ಅನ್ನುವವನ ಹತ್ತಿರ ವಾರಂಟಿ ಮಾತೇ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಕಾರ್ ಟೈರಿನ ಜಿಎಸ್‌ಟಿ 28ರಿಂದ ಶೇ. 18ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಅದನ್ನೂ ಒಮ್ಮೆ ನೋಡಿಕೊಳ್ಳಿ.

ಹೋಗುವ ಮೊದಲು ಎರಡು ಮೂರು ಅಂಗಡಿಗೆ ಫೋನ್ ಮಾಡಿ ಇಷ್ಟು ಕೇಳಿ: ಈ ಅಳತೆಯದು ಯಾವ ವಾರದ ಮಾಲು, ವಾಲ್ವ್, ತೂಕ, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಸೇರಿ ಒಟ್ಟು ಎಷ್ಟು, ಹಳೆ ಟೈರಿಗೆ ಎಷ್ಟು ಕಳೀತೀರಿ, ಟಾರ್ಕ್ ರೆಂಚ್ ಇದೆಯಾ. ಕೊನೆಯ ಪ್ರಶ್ನೆಗೆ ‘ಅದೆಲ್ಲ ಯಾಕೆ ಸಾರ್, ನಮ್ಮ ಹುಡುಗರಿಗೆ ಕೈ ಅಂದಾಜಿದೆ’ ಅನ್ನುವ ಉತ್ತರ ಬಂದರೆ ಮುಂದಿನ ನಂಬರಿಗೆ ಫೋನ್ ಮಾಡಿ.