ಪ್ಯಾರಿಸ್ಸಿನಲ್ಲಿ ಕೂತು ಹಾರ್ಲೆಮ್ ಬರೆದವನು

ಮಧುಗಿರಿಯ ಮೇಷ್ಟ್ರಿಗೆ ನಮಸ್ಕಾರ.

ಕಳೆದ ಸಂಚಿಕೆಯಲ್ಲಿ ಬಂದ, ಅಮೆರಿಕದ ಕಪ್ಪು ಲೇಖಕ ಚೆಸ್ಟರ್ ಹೈಮ್ಸ್‌ನ ಪರಿಚಯ ಓದಿ ನೀವು ಬರೆದ ನಾಲ್ಕು ಪುಟದ ಪತ್ರ ಕೈಸೇರಿತು. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ. ಸಾರ ಇಷ್ಟು: ‘ದರೋಡೆ ಮಾಡಿ ಜೈಲು ಸೇರಿದವನು, ದೇಶ ಬಿಟ್ಟವನು, ಪ್ಯಾರಿಸ್ಸಿನಲ್ಲಿ ಕೂತು ತನ್ನ ಜನರನ್ನೇ ಕಳ್ಳರು ಖದೀಮರು ಅಂತ ಬರೆದು ದುಡ್ಡು ಮಾಡಿಕೊಂಡವನು. ಅವನಿಗೆ ಎರಡು ಪುಟ ಯಾಕೆ?’ ಪತ್ರದ ಕೊನೆಗೆ ಇನ್ನೊಂದು ವಿಷಯವನ್ನೂ ಬರೆದಿದ್ದೀರಿ. ಜರ್ಮನಿಯಲ್ಲಿರುವ ನಿಮ್ಮ ಮಗ ನಮ್ಮ ತುಮಕೂರಿನ ಮಂಡಿಪೇಟೆಯಲ್ಲಿ ಕೊಲೆ ನಡೆಯುವ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದಾನೆ, ಬಿಟ್ಟುಹೋದ ಊರಿನ ಬಗ್ಗೆ ಬರೆಯೋ ಹಕ್ಕು ಅವನಿಗೆ ಎಲ್ಲಿದೆ ಅಂತ. ನಿಮ್ಮ ಸಿಟ್ಟಿನ ಬೇರು ಈ ಎರಡನೆಯ ಮಾತಿನಲ್ಲೇ ಇದೆ ಅನ್ನಿಸಿತು. ಆದರೂ ಮೊದಲು ಹೈಮ್ಸ್ ವಿಚಾರಕ್ಕೇ ಬರುತ್ತೇನೆ.

ದರೋಡೆ ಮಾಡಿದ್ದು ನಿಜ. 1928ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಓಹಾಯೋದ ಒಂದು ಶ್ರೀಮಂತರ ಮನೆಗೆ ಪಿಸ್ತೂಲು ಹಿಡಿದು ನುಗ್ಗಿದ. ಒಡವೆ ಗಿರವಿ ಇಡಲು ಹೋಗಿ ಸಿಕ್ಕಿಬಿದ್ದ. ಇಪ್ಪತ್ತರಿಂದ ಇಪ್ಪತ್ತೈದು ವರ್ಷ ಕಠಿಣ ಶಿಕ್ಷೆಯಾಯಿತು. ಅದನ್ನು ನಾನು ಮುಚ್ಚಿಡುವುದಿಲ್ಲ, ಅವನೂ ಮುಚ್ಚಿಡಲಿಲ್ಲ. ಆದರೆ ಅದಕ್ಕೆ ಹಿಂದಿನದನ್ನೂ ನೋಡಬೇಕು. ಅಪ್ಪ ಅಮ್ಮ ಇಬ್ಬರೂ ನಿಮ್ಮ ಹಾಗೆ ಪಾಠ ಹೇಳುತ್ತಿದ್ದವರು. ಶಾಲೆಯಲ್ಲಿ ಅಣ್ಣ ಜೋಸೆಫ್ ರಾಸಾಯನಿಕ ಬೆರೆಸಿ ತೋರಿಸುವಾಗ ಅದು ಸಿಡಿದು ಕಣ್ಣಿಗೆ ಹೊಡೆಯಿತು. ಆ ಪ್ರಯೋಗಕ್ಕೆ ಚೆಸ್ಟರ್ ಕೂಡ ಕೈಜೋಡಿಸಬೇಕಿತ್ತು. ತುಂಟತನ ಮಾಡಿದ ಅಂತ ಅಮ್ಮ ಅವನನ್ನು ಕೂರಿಸಿಬಿಟ್ಟಿದ್ದಳು. ಹುಡುಗನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದರೆ, ಅದು ಬಿಳಿಯರ ಆಸ್ಪತ್ರೆ, ಕಪ್ಪು ಹುಡುಗನನ್ನು ಸೇರಿಸಿಕೊಳ್ಳಲಿಲ್ಲ. ಆ ಬಾಗಿಲಿನಿಂದ ಅಪ್ಪ ಅಳುತ್ತಾ ವಾಪಸ್ಸಾದದ್ದನ್ನು ಚೆಸ್ಟರ್ ಜೀವಮಾನವಿಡೀ ಮರೆಯಲಿಲ್ಲ. ಅಣ್ಣ ಕುರುಡನಾದರೂ ಓದಿ ಸಮಾಜಶಾಸ್ತ್ರದ ಪ್ರಾಧ್ಯಾಪಕನಾದ. ತಮ್ಮ ಜೂಜಿಗೆ ಬಿದ್ದ.

ಅವನು ಬರೆಯಲು ಕಲಿತದ್ದು ಜೈಲಿನಲ್ಲಿ. 1930ರ ಏಪ್ರಿಲ್ 21ರಂದು ಆ ಜೈಲಿಗೆ ಬೆಂಕಿ ಬಿತ್ತು. ಸಾವಿರದೈನೂರು ಜನರಿಗೆಂದು ಕಟ್ಟಿದ ಕಡೆ ನಾಲ್ಕು ಸಾವಿರದ ಮೇಲೆ ಕೈದಿಗಳನ್ನು ತುಂಬಿದ್ದರು. ಬೀಗ ಹಾಕಿದ ಕೋಣೆಗಳಲ್ಲೇ 322 ಜನ ಸತ್ತರು. ಹೈಮ್ಸ್ ಅದನ್ನು ಕಣ್ಣಾರೆ ಕಂಡು ಕಥೆ ಮಾಡಿದ. 1934ರಲ್ಲಿ ‘ಎಸ್ಕ್ವೈರ್’ ಪತ್ರಿಕೆಯಲ್ಲಿ ಅದು ಬಂದಾಗ ಲೇಖಕನ ಹೆಸರಿನ ಜಾಗದಲ್ಲಿ ಇದ್ದದ್ದು ಕೈದಿ ಸಂಖ್ಯೆ: 59623. ಮೂವತ್ತೈದು ವರ್ಷದಿಂದ ಲೇಖಕರ ಹೆಸರುಗಳನ್ನು ಅಚ್ಚಿಗೆ ಕೊಡುತ್ತಾ ಬಂದವನು ನಾನು. ಆ ಐದು ಅಂಕಿಗಳ ಬಗ್ಗೆ ಯೋಚಿಸಿದಾಗಲೆಲ್ಲ ಕೈ ನಿಲ್ಲುತ್ತದೆ.

ಶಿಕ್ಷೆ ಮುಗಿಯುವ ಮೊದಲೇ, 1936ರಲ್ಲಿ, ಪೆರೋಲಿನ ಮೇಲೆ ಬಿಡುಗಡೆಯಾಯಿತು. ಲಾಸ್ ಏಂಜಲೀಸ್‌ನ ಹಡಗುಕಟ್ಟೆಗಳಲ್ಲಿ ಕಪ್ಪು ಕೆಲಸಗಾರರು ಪಡುವ ಪಾಡನ್ನು ಇಟ್ಟುಕೊಂಡು 1945ರಲ್ಲಿ ಮೊದಲ ಕಾದಂಬರಿ ಬರೆದ. 1947ರ ಎರಡನೆಯದನ್ನು ಬಿಳಿಯರು, ಕರಿಯರು, ಕಮ್ಯುನಿಸ್ಟರು, ಎಲ್ಲರೂ ಬೈದರು. ಪ್ರಕಟವಾದ ಲೇಖಕ ಮತ್ತೆ ಗುಡಿಸುವ, ಹೊರುವ, ಕಾಯುವ ಕೆಲಸ ಹಿಡಿದ. 1953ರಲ್ಲಿ ಹಡಗು ಹತ್ತಿದ. ದೇಶ ಬಿಟ್ಟವನು ಅಂತ ನೀವು ಬರೆದಿದ್ದೀರಿ ಮೇಷ್ಟ್ರೇ. ಆ ದೇಶ ಅವನನ್ನು ಯಾವತ್ತು ಒಳಗೆ ಕರೆದಿತ್ತು, ಹೇಳಿ.

ಪ್ಯಾರಿಸ್ಸಿನಲ್ಲಿ ದುಡ್ಡಿನ ಮಳೆಯೇನೂ ಸುರಿಯಲಿಲ್ಲ. ಅಗ್ಗದ ಹೋಟೆಲು ಕೋಣೆ, ಅಷ್ಟಾಗಿ ಬಾರದ ಫ್ರೆಂಚು, ಬಾಕಿ ಉಳಿದ ಬಾಡಿಗೆ. ಆಗ ಸಿಕ್ಕಿದವನು ಮಾರ್ಸೆಲ್ ದುಹಾಮೆಲ್. ಹೈಮ್ಸ್‌ನ ಮೊದಲ ಕಾದಂಬರಿಯನ್ನು ಫ್ರೆಂಚಿಗೆ ತಂದವನು, ‘ಸೆರಿ ನ್ವಾರ್’ ಎಂಬ ಪತ್ತೇದಾರಿ ಮಾಲಿಕೆಯ ಸಂಪಾದಕ. ನಮಗೊಂದು ಪತ್ತೇದಾರಿ ಬರೆದುಕೊಡು ಅಂದ. ನನಗೆ ಅದು ಬರುವುದಿಲ್ಲ ಅಂದ ಇವನು. ಒಬ್ಬ ಬಾಗಿಲು ತೆರೆಯುತ್ತಾನೆ, ನೆಲದ ಮೇಲೆ ಹೆಣ ಬಿದ್ದಿದೆ, ಅಲ್ಲಿಂದ ಶುರು ಮಾಡು. ಯಾರು ಏನು ಯೋಚಿಸುತ್ತಾರೆ ಅನ್ನುವುದು ಬೇಡ, ಏನು ಮಾಡುತ್ತಾರೆ ಅಷ್ಟೇ ಬರಿ, ಅಂತ ದುಹಾಮೆಲ್ ಹೇಳಿಕೊಟ್ಟ. ಸಂಪಾದಕನೊಬ್ಬ ಲೇಖಕನಿಗೆ ಕೊಟ್ಟ ಇಷ್ಟು ಒಳ್ಳೆಯ ಸಲಹೆಯನ್ನು ನಾನು ಇನ್ನೊಂದು ಕಂಡಿಲ್ಲ. ಹಾಗೆ ಹುಟ್ಟಿದ ಕಾದಂಬರಿಗೆ 1958ರಲ್ಲಿ ಫ್ರಾನ್ಸಿನ ಪತ್ತೇದಾರಿ ಸಾಹಿತ್ಯದ ದೊಡ್ಡ ಬಹುಮಾನ ಬಂತು.

ಅದರ ಆರಂಭ ನಿಮಗೆ ಹೇಳಲೇಬೇಕು. ಕಥೆ ನಡೆಯುವುದು ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ ಹಾರ್ಲೆಮ್‌ನಲ್ಲಿ. ಜ್ಯಾಕ್ಸನ್ ಅಂತ ಒಬ್ಬ ಸಾಧು ಸ್ವಭಾವದ ದಪ್ಪ ಮನುಷ್ಯ, ಶವಸಂಸ್ಕಾರದ ಅಂಗಡಿಯಲ್ಲಿ ಕೆಲಸ. ಹತ್ತು ಡಾಲರಿನ ನೋಟುಗಳನ್ನು ಮದ್ದಿನ ಕಾಗದದಲ್ಲಿ ಸುತ್ತಿ ಒಲೆಗೆ ಇಟ್ಟರೆ ನೂರರ ನೋಟಾಗುತ್ತವೆ ಅಂತ ನಂಬಿ, ಕೂಡಿಟ್ಟ ಸಾವಿರದೈನೂರು ಡಾಲರನ್ನೂ ಕೊಡುತ್ತಾನೆ. ಒಲೆ ಢಂ ಅಂತ ಸಿಡಿಯುತ್ತದೆ. ಅದೇ ಗಳಿಗೆಗೆ ನಕಲಿ ಪೊಲೀಸು ಒಳಗೆ ಬರುತ್ತಾನೆ.

ಓದುವಾಗ ನನಗೆ ನಮ್ಮ ದೊಡ್ಡಪ್ಪ ಕಣ್ಣಮುಂದೆ ಬಂದರು. ಗುಬ್ಬಿ ಹತ್ತಿರದ ತೋಟದ ಮನೆಗೆ ಒಂದು ರಾತ್ರಿ ಮೂವರು ತಾಮ್ರದ ಚೊಂಬು ತಂದರು. ಸಿಡಿಲು ಹೊಡೆದ ಚೊಂಬು, ಅಕ್ಕಿ ಎಳೆಯುತ್ತದೆ, ಫಾರಿನ್ನಿನವರು ಕೋಟಿ ಕೊಡುತ್ತಾರೆ ಅಂದರು. ತಟ್ಟೆಯಲ್ಲಿ ಅಕ್ಕಿ ಹರಡಿ ಚೊಂಬು ಹತ್ತಿರ ಹಿಡಿದರೆ ಕಾಳುಗಳು ನಿಜವಾಗಿ ಜರುಗಿದವು. ಅಕ್ಕಿಯನ್ನೂ ಅವರೇ ತಂದಿದ್ದರು ಅನ್ನುವುದು ದೊಡ್ಡಪ್ಪನಿಗೆ ಹೊಳೆದದ್ದು ಎರಡು ವರ್ಷದ ಕೊಬ್ಬರಿ ದುಡ್ಡು ಹೋದ ಮೇಲೆ. ಸಾಯುವವರೆಗೂ ಆ ಮನೆಯಲ್ಲಿ ಚೊಂಬಿನ ಮಾತು ಎತ್ತುವಂತಿರಲಿಲ್ಲ. ಹೈಮ್ಸ್ ಜ್ಯಾಕ್ಸನ್‌ನನ್ನು ನೋಡಿ ಗೇಲಿ ಮಾಡುವುದಿಲ್ಲ. ನಾಳೆ ಬೆಳಿಗ್ಗೆಯಾದರೂ ಬದುಕು ಬದಲಾಗಲಿ ಅಂತ ಕಾಯುವವನ ಎದೆ ಅವನಿಗೆ ಗೊತ್ತು. ತನ್ನ ಜನರನ್ನು ಹೀಯಾಳಿಸುವವನಿಗೆ ಹಾಗೆ ಬರೆಯಲು ಬರುವುದಿಲ್ಲ ಮೇಷ್ಟ್ರೇ.

1965ರ ಇನ್ನೊಂದು ಕಾದಂಬರಿ ನೋಡಿ. ಆಫ್ರಿಕಾಕ್ಕೆ ವಾಪಸ್ ಕರೆದೊಯ್ಯುತ್ತೇನೆಂದು ಒಬ್ಬ ಪಾದ್ರಿ 87 ಬಡ ಕುಟುಂಬಗಳಿಂದ ತಲಾ ಸಾವಿರ ಡಾಲರ್ ಎತ್ತುತ್ತಾನೆ. ನಮ್ಮಲ್ಲಿ ಚೀಟಿ ದುಡ್ಡು ಎತ್ತಿಕೊಂಡು ಊರು ಬಿಡುವವರ ಹಾಗೆಯೇ. ಹೈಮ್ಸ್‌ನ ಇಬ್ಬರು ಕಪ್ಪು ಪತ್ತೇದಾರರು ಒರಟರು, ಕೈ ಮುಂದೆ ಮಾಡುವವರು. ಆದರೆ ಕಡೆಗೂ ಆ 87 ಮನೆಗಳಿಗೆ ದುಡ್ಡು ಮುಟ್ಟಿಸುತ್ತಾರೆ. ಕಳ್ಳರ ಕಥೆ ಅದು, ನಿಜ. ಕಳಕೊಂಡವರ ಕಥೆಯೂ ಹೌದು.

ಒಂದು ವಿಚಾರದಲ್ಲಿ ನಾನು ನಿಮ್ಮ ಪಕ್ಷ. ಅವನ ಪುಸ್ತಕಗಳಲ್ಲಿ ಹೆಂಗಸರು ತಿನ್ನುವ ಏಟು ನನಗೆ ಓದಲಾಗುವುದಿಲ್ಲ. ತಾನೇ ಹೆಂಗಸರ ಮೇಲೆ ಕೈ ಮಾಡಿದ್ದನ್ನು ಆತ್ಮಕಥೆಯಲ್ಲಿ ಬರೆದಿದ್ದಾನೆ. ನಮ್ಮ ಲೇಖನದಲ್ಲಿ ಅದು ಬರಬೇಕಿತ್ತು, ಬರಲಿಲ್ಲ, ತಪ್ಪು ನನ್ನದು.

ಇನ್ನು ಹಕ್ಕಿನ ಪ್ರಶ್ನೆ. ಹಾರ್ಲೆಮ್‌ನಲ್ಲಿ ತಾನು ದುಡಿದು, ಮಕ್ಕಳನ್ನು ಸಾಕಿ ಬಾಳಿದವನಲ್ಲ ಅಂತ ಹೈಮ್ಸ್ ತಾನೇ ಒಪ್ಪಿಕೊಂಡ. ಪುಸ್ತಕದ ಹಾರ್ಲೆಮ್ ನಿಜದ್ದು ಅಂತಲೂ ಅನ್ನಲಿಲ್ಲ. ಪುಸ್ತಕದಲ್ಲಾದರೂ ಅದನ್ನು ಬಿಳಿಯರ ಕೈಯಿಂದ ಬಿಡಿಸಿಕೊಳ್ಳಬೇಕೆಂಬ ಹಟ ಅವನದು. 1969ರಲ್ಲಿ ಸ್ಪೇನಿನ ಮೊರೈರಾ ಎಂಬ ಕಡಲೂರು ಸೇರಿ, 1984ರಲ್ಲಿ ಅಲ್ಲೇ ತೀರಿಕೊಂಡ. ಅಷ್ಟು ದೂರ ಹೋದವನ ಬರಹದೊಳಗಿನ ಬೀದಿಗಳು ಕೊನೆತನಕ ಹಾರ್ಲೆಮ್ಮಿನವೇ.

ನಿಮ್ಮ ಮಗ ಆಷಾಢದಲ್ಲಿ ಮಂಡಿಪೇಟೆ ಅಂಗಡಿಯ ಹುಣಸೆ ಮೂಟೆಗಳ ಹಿಂದೆ ಹೆಣ ಇಟ್ಟಿದ್ದಾನೆ, ಆ ಹೊತ್ತಿಗೆ ಹುಣಸೆಯೆಲ್ಲ ಕೋಲ್ಡ್ ಸ್ಟೋರೇಜ್ ಸೇರಿರುತ್ತದೆ ಅನ್ನುವುದೂ ಗೊತ್ತಿಲ್ಲ, ಅಂತ ಬರೆದಿದ್ದೀರಿ. ಅದನ್ನು ನನಗೆ ಬರೆದಿದ್ದೀರಿ, ಅವನಿಗೆ ಬರೆದಿಲ್ಲ. ಇವತ್ತೇ ಬರೆಯಿರಿ. ಮಾಘ ಫಾಲ್ಗುಣದಲ್ಲಿ ಹೆಂಗಸರು ಸಾಲಾಗಿ ಕೂತು ಹುಣಸೆ ಬಡಿದು ಬೀಜ ಬಿಡಿಸುವ ಸದ್ದು, ಬೀದಿ ತುಂಬ ಹರಡುವ ಆ ಹುಳಿ ವಾಸನೆ, ಬೆರಳಿಗೆ ಅಂಟುವ ನಾರು, ನಿಮಗೆ ನೆನಪಿರುವಷ್ಟನ್ನೂ ಬರೆಯಿರಿ. ಕೊಲೆಯನ್ನು ಯಾವ ತಿಂಗಳಿಗೆ ಹಾಕಬೇಕೆಂದು ಅವನು ನೋಡಿಕೊಳ್ಳಲಿ. ತಿದ್ದಿದ ಮೇಲೆ ಮೊದಲ ಮೂವತ್ತು ಪುಟ ಕಚೇರಿಗೆ ಕಳಿಸಲು ಹೇಳಿ, ನಾನೇ ಓದುತ್ತೇನೆ.

— ಸಂಪಾದಕ