ಕಠ್ಮಂಡುವಿನ ಆತಿಥೇಯರ ಮನೆಯಲ್ಲಿ ಬೆರೆಯುವುದು ಹೇಗೆ?
ಎರಡು ತಿಂಗಳು ಕಠ್ಮಂಡುವಿನಲ್ಲಿ ಸ್ವಯಂಸೇವೆಗೆ ಹೊರಟಿದ್ದೀನಿ, ಗುರುತಿನವರು ಯಾರೂ ಇಲ್ಲ, ಹೇಗೆ ಬೆರೆಯಲಿ ಅಂತ ಕೇಳಿದ್ದೀರಿ. ನಾನೂ ನಿಮ್ಮ ಹಾಗೆ ಮುಂಬೈ ಹತ್ತಿರದ ಡೊಂಬಿವಲಿಯವಳೇ, ಹೋಗಿ ಬಂದವಳು. ಶಾಲೆಯಲ್ಲಿ ಮರಾಠಿ ಕಲಿತಿದ್ದರೆ ನೇಪಾಳಿ ಬೋರ್ಡು ಓದಬಲ್ಲಿರಿ, ಲಿಪಿ ಒಂದೇ.

ಹೆಸರು ಹಿಡಿದು ಕರೆಯಬೇಡಿ. ಮನೆಯ ಹಿರಿಯಾಕೆ ಆಮಾ, ನಿಮಗಿಂತ ದೊಡ್ಡವರು ದಾಜು (ಅಣ್ಣ), ದೀದಿ (ಅಕ್ಕ). ಚಿಕ್ಕವರು ಭಾಯಿ (ತಮ್ಮ), ಬಹಿನಿ (ತಂಗಿ). ನಮ್ಮ ಎಂಜಲು ಅಲ್ಲಿ ಜುಠೊ, ಬಹಳ ನೋಡುತ್ತಾರೆ. ಅಡುಗೆಮನೆಗೆ ಕೇಳಿಯೇ ಕಾಲಿಡಿ. ಒಳಗೆ ಕರೆದರೆ ಮಾತ್ರ ಬಿಡಬೇಡಿ! ನಾನು ಬೆಳ್ಳುಳ್ಳಿ ಬಿಡಿಸುತ್ತ ಕೂತ ಸಂಜೆಗಳಲ್ಲೇ ಆಮಾ ತವರಿನ ಕಥೆ ಹೇಳಿದ್ದು.

ಜೊತೆಯ ಸ್ವಯಂಸೇವಕರಿಗೆ ಶನಿವಾರದ ರಜೆಯಲ್ಲಿ ಸ್ವಯಂಭೂ ಸ್ತೂಪದ ಮೆಟ್ಟಿಲು ಹತ್ತೋಣ ಬನ್ನಿ ಅನ್ನಿ, ನೀವೇ ಮೊದಲು ಕರೆಯಿರಿ. ಚಟ್ನಿಪುಡಿ ಖಂಡಿತ ಒಯ್ಯಿರಿ, ದಾಲ್‌ಭಾತ್ ಜೊತೆ ಎಲ್ಲರಿಗೂ ಬಡಿಸಬಹುದು.