2, 4, 6ರಿಂದ ಶುರು ಮಾಡಿ
ನಿಮ್ಮ ಸಂಜೆ ಕಾಲೇಜಿನಲ್ಲಿ ಹುಡುಗರೂ ಕೆಲಸಕ್ಕೆ ಹೋಗುವವರೂ ಒಟ್ಟಿಗೆ ಕೂರುತ್ತಾರೆ, ತಮಗೆ ಅನಿಸಿದ್ದನ್ನು ಯಾರೂ ಪರೀಕ್ಷಿಸಿ ನೋಡುವುದಿಲ್ಲ, ಹೇಗೆ ಕಲಿಸಲಿ ಅಂತ ಕೇಳಿದ್ದೀರಿ. ಮೊದಲ ದಿನ ಪಾಠ ಬೇಡ. ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ 1960ರಲ್ಲಿ ಪ್ರಕಟಿಸಿದ ಪ್ರಯೋಗವನ್ನೇ ಮಾಡಿಸಿ.

ಬೋರ್ಡಿನ ಮೇಲೆ 2, 4, 6 ಬರೆಯಿರಿ. ‘ಇದಕ್ಕೊಂದು ನಿಯಮ ಇದೆ. ನೀವೂ ಮೂರು ಸಂಖ್ಯೆ ಹೇಳಿ, ಹೊಂದುತ್ತಾ ಇಲ್ವಾ ಹೇಳುತ್ತೇನೆ’ ಅನ್ನಿ. 8, 10, 12 ಬರುತ್ತದೆ. ಹೌದು. 20, 22, 24. ಅದೂ ಹೌದು. ‘ಎರಡೆರಡು ಕೂಡಿಸುವುದು’ ಅಂತ ಧೈರ್ಯವಾಗಿ ಹೇಳುತ್ತಾರೆ. ಅಲ್ಲ! ಸಂಖ್ಯೆಗಳು ಏರುತ್ತಾ ಹೋದರೆ ಸಾಕು, ನಿಯಮ ಅಷ್ಟೇ. 1, 7, 50 ಕೂಡ ಸರಿ. ‘ಇಲ್ಲ’ ಅನ್ನಿಸಿಕೊಳ್ಳಲೆಂದೇ 6, 4, 2 ಕೇಳುವವರು ಕಡಿಮೆ. ಏಕೆ ಅಂತ ಅವರೇ ಮಾತಾಡಿಕೊಳ್ಳಲಿ, ನೀವು ಸುಮ್ನೆ ಇರಿ.

ಆಟದಲ್ಲಿ ಕಲಿತದ್ದು ತಾನಾಗಿ ಬದುಕಿಗೆ ಬರುವುದಿಲ್ಲ. ಆಮೇಲೆ ಅವರ ಕೆಲಸದ ವಿಷಯಕ್ಕೇ ಬನ್ನಿ. ಅಂಗಡಿಯವರು ‘ಆಫರ್ ಹಾಕಿದ್ದಕ್ಕೇ ವ್ಯಾಪಾರ ಜಾಸ್ತಿ ಆಯ್ತು’ ಅಂದರೆ, ಆಫರ್ ಇಲ್ಲದೆಯೂ ಏರಿದ ವಾರ ಇದೆಯಾ ಅಂತ ಕೇಳಿ. ವಯಸ್ಸಾದವರನ್ನು ಎಲ್ಲರೆದುರು ತಪ್ಪು ಅನ್ನಲೇಬೇಡಿ. ‘ಏನು ಸಿಕ್ಕರೆ ನನ್ನ ಅಭಿಪ್ರಾಯ ಬದಲಾಗುತ್ತದೆ?’ ಅನ್ನುವುದನ್ನು ಚೀಟಿಯಲ್ಲಿ ಬರೆಸಿ.